ಮೇಣದೊಳಗಿನ ಮೂತ್ರಪಿಂಡ

ಮಾನಸಗಂಗೋತ್ರಿಯ ನಮ್ಮ ಪ್ರಯೋಗಾಲಯಕ್ಕೆ ಅಂದು ಬಂದ ಪ್ಯಾರಾಫಿನ್ ಮೇಣದ ಬ್ಲಾಕಿನ ಮೇಲೆ ರೋಗಿಯ ಹೆಸರಿರಲಿಲ್ಲ, ಸಂಖ್ಯೆಯೊಂದೇ ಇತ್ತು. ನೈತಿಕ ಸಮಿತಿಯ ಅನುಮತಿ ಪಡೆದು ಪೆಥಾಲಜಿ ಕಪಾಟಿನಿಂದ ತಂದ, ಎಷ್ಟೋ ವರ್ಷ ಹಿಂದಿನ ಮೂತ್ರಪಿಂಡದ ತುಣುಕು ಅದು. ರೋಗನಿರ್ಣಯ ಮುಗಿದ ಮೇಲೆ ಇಂಥ ಬ್ಲಾಕುಗಳನ್ನು ಸಾಮಾನ್ಯವಾಗಿ ಯಾರೂ ಮುಟ್ಟುವುದಿಲ್ಲ. ಅವುಗಳೊಳಗಿನ ಪ್ರೋಟೀನುಗಳನ್ನು ಇಂದಿಗೂ ಓದಬಹುದೆಂಬುದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ.

ತೊಡಕಿರುವುದು ಫಾರ್ಮಾಲಿನ್‌ನಲ್ಲಿ. ಮೇಣದಲ್ಲಿಡುವ ಮೊದಲು ಅಂಗಾಂಶವನ್ನು ನೆನೆಸುವ ದ್ರಾವಣವದು. ಅದರಲ್ಲಿದ್ದು ಅಂಗಾಂಶ ಕೊಳೆಯದಂತೆ ಕಾಯುವ ಫಾರ್ಮಾಲ್ಡಿಹೈಡೇ ಲೈಸಿನ್‌ನಂಥ ಅಮೈನೋ ಆಮ್ಲಗಳಿಗೆ ಅಂಟಿಕೊಂಡು, ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಸೇತುವೆ ಕಟ್ಟಿ, ಎಲ್ಲವನ್ನೂ ಬಿಗಿದುಬಿಡುತ್ತದೆ. ತೆಳು ಪದರ ಕತ್ತರಿಸುವ ಯಂತ್ರವಾದ ಮೈಕ್ರೋಟೋಮಿನ ಅಲಗಿನಿಂದ 10 ಮೈಕ್ರಾನ್ ದಪ್ಪದ ಪದರಗಳು ಸುರುಳಿ ಸುತ್ತಿಕೊಂಡು ಬಿದ್ದವು; ಜೈಲೀನ್‌ನಲ್ಲಿ ಮೇಣ ಕರಗಿಸಿ ಆಲ್ಕೋಹಾಲಿನಲ್ಲಿ ತೊಳೆದಾಗ ನಳಿಕೆಯ ತಳದಲ್ಲಿ ಉಳಿದದ್ದು ಬಿಳಿಯ ಚೂರುಗಳಷ್ಟೇ. ನಮ್ಮ ಚರ್ಮದ ಕೆರಾಟಿನ್ ಉದುರಿದರೆ ಫಲಿತಾಂಶವೇ ಕೆಡುವುದರಿಂದ ಕೈಗವಸು ಕಳಚುವಂತಿರಲಿಲ್ಲ.

ನನಗೆ ಅತ್ಯಂತ ಪ್ರಿಯವಾದ ಹಂತ ಶಾಖದ್ದು. ಅಂಗಾಂಶದಲ್ಲಿ ಪ್ರತಿಕಾಯಗಳಿಂದ ಪ್ರೋಟೀನು ಗುರುತಿಸುವವರು 1991ರಲ್ಲಿ ಪ್ರಕಟಿಸಿದ ಉಪಾಯವಿದು: ಕುದಿಯುವ ಬಿಸಿಗೆ ಫಾರ್ಮಾಲಿನ್ನಿನ ಸೇತುವೆಗಳು ಬಹುಮಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಎಸ್‌ಡಿಎಸ್ ಎಂಬ ಮಾರ್ಜಕ ಬೆರೆಸಿದ ಟ್ರಿಸ್ ದ್ರಾವಣದಲ್ಲಿ, ಸುಮಾರು 95 ಡಿಗ್ರಿಯಲ್ಲಿ, ಆ ಬಿಳಿಯ ಚೂರುಗಳು ನೋಡುತ್ತಿದ್ದಂತೆ ಅಂಚಿನಿಂದ ಪಾರದರ್ಶಕವಾಗುತ್ತ ಬಂದವು. ಬಳಿಕ ಆ ಮಾರ್ಜಕವನ್ನು ಪೂರ್ತಿ ತೊಳೆದು ತೆಗೆದು, ಪ್ರೋಟೀನು ಕತ್ತರಿಸುವ ಕಿಣ್ವವಾದ ಟ್ರಿಪ್ಸಿನ್ ಹಾಕಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟೆವು.

ಮರುದಿನ ಹಾಗೆ ತುಂಡಾದ ಪ್ರೋಟೀನಿನ ಚೂರುಗಳು, ಅಂದರೆ ಪೆಪ್ಟೈಡುಗಳು, ಸೂಕ್ಷ್ಮ ಸೂಜಿಯಿಂದ ವಿದ್ಯುತ್ ಸಿಂಪಡಣೆಯಾಗಿ, ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರಿನೊಳಗೆ ಹೋದವು. ರಸಾಯನಶಾಸ್ತ್ರಜ್ಞ ಜಾನ್ ಫೆನ್ ಅವರಿಗೆ 2002ರ ನೊಬೆಲ್ ಪಾಲು ತಂದ ವಿಧಾನವದು. ಮೊದಲು ಎದ್ದು ಕಂಡದ್ದು ರಕ್ತನಾಳಗಳಲ್ಲಿ ಸಿಕ್ಕಿಕೊಂಡಿದ್ದ ಕೆಂಪು ಕಣಗಳ ಹಿಮೋಗ್ಲೋಬಿನ್, ಆಮೇಲೆ ಕೊಲಾಜೆನ್. ಟ್ರಿಪ್ಸಿನ್ ಕತ್ತರಿಸುವುದು ಲೈಸಿನ್ ಮತ್ತು ಆರ್ಜಿನಿನ್‌ಗಳ ನಂತರ. ಆದರೆ ಫಾರ್ಮಾಲ್ಡಿಹೈಡಿನ ಅವಶೇಷ ಉಳಿದ ಲೈಸಿನ್‌ನ ಬಳಿ ಅದು ಕತ್ತರಿಸದೆ ಮುಂದೆ ಸಾಗುತ್ತದೆ, ಆ ಪೆಪ್ಟೈಡಿನ ತೂಕವೂ 12 ಅಥವಾ 30 ಡಾಲ್ಟನ್ (ಅಣುಗಳ ತೂಕದ ಮಾನ) ಹೆಚ್ಚುತ್ತದೆ. ಈ ವ್ಯತ್ಯಾಸಗಳಿಗೂ ಅವಕಾಶ ಕೊಟ್ಟು, ತಿಳಿದ ಪ್ರೋಟೀನುಗಳ ದತ್ತಾಂಶದಲ್ಲಿ ಹುಡುಕಾಟವನ್ನು ಮತ್ತೆ ನಡೆಸಿದಾಗ, ಮೊದಲ ಸುತ್ತಿನಲ್ಲಿ ಹೆಸರಿಲ್ಲದೆ ಉಳಿದಿದ್ದ, ಯಂತ್ರದ ನಕ್ಷೆಯಲ್ಲಿನ ಕೆಲವು ಶಿಖರಗಳಿಗೂ ಹೆಸರು ಸಿಕ್ಕಿತು. ಪಟ್ಟಿಯಲ್ಲಿ ನಾನು ಬೆರಳಿಟ್ಟು ಹುಡುಕಿದ್ದು ಯೂರೊಮಾಡ್ಯುಲಿನ್ ಅನ್ನು, ಏಕೆಂದರೆ ಅದು ಮೂತ್ರಪಿಂಡದ ಕೊಳವೆಗಳಲ್ಲೇ ತಯಾರಾಗುವ ಪ್ರೋಟೀನು. ಅದು ಅಲ್ಲಿತ್ತು, ಒಂದಲ್ಲ, ಹಲವು ಪೆಪ್ಟೈಡುಗಳ ಸಾಕ್ಷ್ಯದೊಂದಿಗೆ.