ಕತೆ ನಂಬಬೇಕಾ, ಕಾಗದ ನಂಬಬೇಕಾ?

ನಾನು ಮದುವೆಯಾಗಿ ಬಂದಿದ್ದು ಐರ್ಲೆಂಡಿನ ಪಶ್ಚಿಮದಲ್ಲಿರುವ ಮೇಯೊ ಕೌಂಟಿಯ ಒಂದು ಮನೆಗೆ. ಪ್ರತಿ ಬೇಸಿಗೆಯಲ್ಲೂ ಅಮೆರಿಕದಿಂದ ಅತ್ತೆಯ ಕಡೆಯ ದೂರದ ನೆಂಟರು ಯಾರಾದರೂ ಬಂದಿಳಿಯುತ್ತಾರೆ. ನಾಲ್ಕೈದು ತಲೆಮಾರಿನ ಹಿಂದೆ ಹಡಗು ಹತ್ತಿ ಹೋದವರ ಕುಡಿಗಳು. ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಕತೆ. ಹಳೇ ದಾಖಲೆ ಹುಡುಕುವ ಹುಚ್ಚು ನನಗಿದೆ ಅಂತ ಗೊತ್ತಿರುವುದರಿಂದ ಅತ್ತೆ ಅವರಿಗೊಂದು ಟೀ ಕೊಟ್ಟು ಸೀದಾ ನನ್ನ ಮುಂದೆ ಕೂರಿಸುತ್ತಾರೆ.

ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ‘ಐರ್ಲೆಂಡಿನ ದಾಖಲೆಯೆಲ್ಲ ಸುಟ್ಟು ಹೋಯಿತಂತಲ್ಲ, ಹಾಗಾದರೆ ಮನೆಯಲ್ಲಿ ಹೇಳುವ ಕತೆಯನ್ನೇ ನಂಬಬೇಕಾ?’ ಮೈಸೂರಿನ ಗೆಳತಿ ಫೋನಿನಲ್ಲಿ ಇದನ್ನೇ ಬೇರೆ ಥರ ಕೇಳುತ್ತಾಳೆ: ‘ಅಲ್ಲ ಕಣೇ, ಅಲ್ಲಿ ಏನೂ ಉಳಿದೇ ಇಲ್ಲ ಅಂತಾರೆ. ನೀನು ರಾತ್ರಿಯೆಲ್ಲ ಕೂತು ಹುಡುಕೋದಾದರೂ ಏನನ್ನ?’

ಮೊದಲು ಆ ಬೆಂಕಿಯ ವಿಷಯ ಮುಗಿಸಿಬಿಡುತ್ತೇನೆ. ಸುಟ್ಟಿದ್ದು ನಿಜ. 1922ರ ಜೂನ್ 30ರಂದು, ಅಂತರ್ಯುದ್ಧ ಶುರುವಾದ ಮೂರನೇ ದಿನ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಅನ್ನುವ ನ್ಯಾಯಾಲಯದ ಆವರಣದಲ್ಲಿದ್ದ ದಾಖಲೆ ಕಚೇರಿ ಸಿಡಿದು ಉರಿಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳು ಬಹುತೇಕ ಹೋದವು. ಉಯಿಲುಗಳು ಹೋದವು. ಪ್ರಾಟೆಸ್ಟೆಂಟ್ ಪಂಗಡವಾದ ಚರ್ಚ್ ಆಫ್ ಐರ್ಲೆಂಡಿನವರು ಜ್ಞಾನಸ್ನಾನ, ಮದುವೆ ಬರೆದಿಟ್ಟ ಪುಸ್ತಕಗಳಲ್ಲಿ ಅರ್ಧದಷ್ಟು ಹೋದವು. ಆದರೆ ಎಲ್ಲದಕ್ಕೂ ಬೆಂಕಿಯನ್ನೇ ದೂರುವುದು ತಪ್ಪು. 1861 ಮತ್ತು 1871ರ ಗಣತಿಯ ಹಾಳೆಗಳನ್ನು ಸರಕಾರವೇ ನಾಶ ಮಾಡಿಸಿತ್ತು. 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿ ಸೇರಿದವು, ಕಾಗದದ ಅಭಾವ ಅಂತ. ಬೆಂಕಿಗಿಂತ ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಈ ರದ್ದಿಯ ವಿಷಯಕ್ಕೇ.

ಉಳಿದಿರುವುದೂ ಕಡಿಮೆಯಲ್ಲ. ಕ್ಯಾಥೊಲಿಕ್ ಪ್ಯಾರಿಷ್‌ಗಳ (ಊರಿನ ಚರ್ಚುಗಳ) ಪುಸ್ತಕಗಳು ಆ ಕಟ್ಟಡದಲ್ಲಿ ಇರಲೇ ಇಲ್ಲ, ಅವು ಆಯಾ ಊರಿನ ಪಾದ್ರಿಗಳ ಹತ್ತಿರವೇ ಇದ್ದವು. ಸುಮಾರು 1880ರವರೆಗಿನ ಪುಟಗಳನ್ನು ನ್ಯಾಷನಲ್ ಲೈಬ್ರರಿ 2015ರಲ್ಲಿ ಇಂಟರ್ನೆಟ್ಟಿಗೆ ಹಾಕಿದೆ. 1864ರಿಂದ ಎಲ್ಲರ ಹುಟ್ಟು, ಮದುವೆ, ಸಾವಿನ ಸರಕಾರಿ ನೋಂದಣಿ ಇದೆ. 1901 ಮತ್ತು 1911ರ ಜನಗಣತಿ ಪೂರ್ತಿಯಾಗಿ ಉಳಿದಿವೆ. ಮನೆಯ ಮಾಡು ಹುಲ್ಲಿನದ್ದೋ ಅಲ್ಲವೋ, ಮುಂದೆ ಎಷ್ಟು ಕಿಟಕಿ ಅನ್ನುವುದೂ ಅವುಗಳಲ್ಲಿದೆ. ಇಷ್ಟನ್ನೂ ಒಂದು ಪೈಸೆ ಕೊಡದೆ ನೋಡಬಹುದು.

ಹಾಗಾದರೆ ಕಾಗದವನ್ನೇ ನಂಬಿದರಾಯಿತು ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಮೂರು ತಿಂಗಳು ಹಾಳು ಮಾಡಿಕೊಂಡೆ.

ಅತ್ತೆಯ ಮುತ್ತಜ್ಜನಿಗೆ 1901ರ ಗಣತಿಯಲ್ಲಿ 58 ವರ್ಷ. 1911ರಲ್ಲಿ, ಅದೇ ಹೆಸರು, ಅದೇ ಹೆಂಡತಿ, ಆದರೆ ವಯಸ್ಸು 71. ಹತ್ತು ವರ್ಷದಲ್ಲಿ ಮನುಷ್ಯನಿಗೆ ಹದಿಮೂರು ವರ್ಷ ಆಗುವುದು ಹೇಗೆ? ಇದು ಬೇರೆ ಯಾರದೋ ಮನೆ ಅಂತ ಆ ಹಾಳೆಯನ್ನು ಬದಿಗಿಟ್ಟು ಊರೂರು ಹುಡುಕಿದೆ. ಕೊನೆಗೆ ಗುಟ್ಟು ಬಿಡಿಸಿದ್ದು ಪಕ್ಕದ ಮನೆಯ ಅಜ್ಜ. ‘ಪಿಂಚಣಿ ಕಣಮ್ಮಾ’ ಅಂತ ನಕ್ಕುಬಿಟ್ಟರು.

1909ರ ಜನವರಿಯಿಂದ 70 ತುಂಬಿದ ಬಡವರಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ ಪಿಂಚಣಿ ಶುರುವಾಯಿತು. 70 ತುಂಬಿದೆ ಅಂತ ತೋರಿಸುವುದು ಹೇಗೆ? ಹುಟ್ಟಿದ ನೋಂದಣಿ ಶುರುವಾಗಿದ್ದೇ 1864ರಲ್ಲಿ. ಹಾಗಾಗಿ ಡಬ್ಲಿನ್ನಿಗೆ ಬರೆದು, 1841ರ ಅಥವಾ 1851ರ ಗಣತಿಯಲ್ಲಿ ನನ್ನ ಹೆಸರಿದೆಯಾ ನೋಡಿ ಅಂತ ಸಾವಿರಾರು ಜನ ಕೇಳಿಕೊಂಡರು. ಆಗ ಅವಿನ್ನೂ ಸುಟ್ಟಿರಲಿಲ್ಲ. ಹೀಗೆ ಹುಡುಕಿಸಿದ ಅರ್ಜಿಗಳು ಇವತ್ತಿಗೂ ಉಳಿದಿವೆ, ಸುಟ್ಟ ಗಣತಿಯ ಒಂದಿಷ್ಟು ಚೂರು ಹಾಗೆ ನಮ್ಮ ಕೈಗೆ ದಕ್ಕಿದೆ. ಗಣತಿಯಲ್ಲೂ ಹೆಸರು ಸಿಗದವರಿಗೆ ಇನ್ನೊಂದು ದಾರಿ ಇತ್ತು: ‘ದೊಡ್ಡ ಗಾಳಿಯ ರಾತ್ರಿ’. 1839ರ ಜನವರಿ 6ರ ರಾತ್ರಿ ಇಡೀ ದೇಶದ ಮಾಡು ಹಾರಿಸಿಕೊಂಡು ಹೋದ ಬಿರುಗಾಳಿ ಅದು. ಅದು ನೆನಪಿದೆ ಅಂದರೆ 70 ಆಗಿರಲೇಬೇಕು ಅನ್ನುವುದು ಲೆಕ್ಕ. ನೋಡನೋಡುತ್ತ ಊರಿನ ಮುದುಕರಿಗೆಲ್ಲ ಆ ಗಾಳಿ ನೆನಪಾಗತೊಡಗಿತು!

ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡ ಹುಟ್ಟುಹಬ್ಬ ನಮ್ಮಪ್ಪನದು. ನಿಮ್ಮ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ, ಅಲ್ವಾ? ಹಾಗಾಗಿ ಮುತ್ತಜ್ಜನ ಮೇಲೆ ನನಗೇನೂ ಕೋಪವಿಲ್ಲ. ಬಡವರಿಗೆ ಐದು ಶಿಲಿಂಗ್ ಅಂದರೆ ದೊಡ್ಡ ದುಡ್ಡು. ಆದರೆ ಅಲ್ಲಿಂದ ಮುಂದೆ ಕತೆ, ಕಾಗದ ಯಾವುದೇ ಇರಲಿ, ನಾನು ಒಂದೇ ಮಾತು ಕೇಳುತ್ತೇನೆ: ಈ ಸಾಲನ್ನು ಸುಳ್ಳು ಹೇಳಿದರೆ ಯಾರಿಗಾದರೂ ಏನಾದರೂ ಗಿಟ್ಟುತ್ತಿತ್ತಾ? ಗಿಟ್ಟುತ್ತಿದ್ದರೆ ಅನುಮಾನ. ಇಲ್ಲವಾದರೆ ನಂಬಿಕೆ. ನನ್ನ ಉತ್ತರ ಇಷ್ಟೇ.

ಗಿಟ್ಟುವುದು ದುಡ್ಡೇ ಆಗಬೇಕಿಲ್ಲ. ಕಾರ್ಕ್‌ನ ಆ್ಯನಿ ಮೂರ್ ಅನ್ನುವ ಹುಡುಗಿಯ ವಿಷಯ ನೋಡಿ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ಐಲೆಂಡ್ ವಲಸೆ ಕೇಂದ್ರ ತೆರೆದಾಗ ಮೊದಲು ಒಳಗೆ ಕಾಲಿಟ್ಟವಳು ಇವಳೇ. ಜೊತೆಗೆ ಇಬ್ಬರು ತಮ್ಮಂದಿರು. ಅಧಿಕಾರಿಗಳು ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಆಮೇಲೆ ಅವಳು ಟೆಕ್ಸಾಸ್‌ಗೆ ಹೋಗಿ ನೆಲೆಸಿದಳು ಅಂತ ಒಂದು ಮನೆತನದ ಕತೆ ಹೇಳುತ್ತಿತ್ತು. ದಶಕಗಟ್ಟಲೆ ಎಲ್ಲರೂ ಅದನ್ನೇ ನಂಬಿದ್ದರು. 2006ರಲ್ಲಿ ದಾಖಲೆ ಜಾಲಾಡಿದಾಗ ಗೊತ್ತಾಯಿತು, ಟೆಕ್ಸಾಸ್‌ನ ಹೆಂಗಸು ಹುಟ್ಟಿದ್ದೇ ಅಮೆರಿಕದ ಇಲಿನಾಯ್‌ನಲ್ಲಿ. ನಿಜವಾದ ಆ್ಯನಿ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡಿನ ಬಡ ಬೀದಿಗಳಲ್ಲೇ ಬದುಕಿ, ತುಂಬ ಮಕ್ಕಳನ್ನು ಹೆತ್ತು, ಹಲವರನ್ನು ಕಳೆದುಕೊಂಡು, 1924ರಲ್ಲಿ ತೀರಿಕೊಂಡಿದ್ದಳು. ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. ಟೆಕ್ಸಾಸ್‌ನವರು ಬೇಕಂತಲೇ ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಒಂದೇ ಹೆಸರು, ಜೊತೆಗೆ ಚಂದದ ಕತೆ. ಯಾರಿಗೆ ಬಿಟ್ಟುಕೊಡಲು ಮನಸ್ಸು ಬರುತ್ತದೆ ಹೇಳಿ?

ನಮ್ಮ ನೆಂಟರ ಕತೆಯಲ್ಲೂ ಅಂಥ ಒಂದು ಚಂದದ ಭಾಗವಿದೆ. ಹಿರಿಯನೊಬ್ಬ ಜಮೀನ್ದಾರನ ಏಜೆಂಟನಿಗೆ ಹೊಡೆದು ರಾತ್ರೋರಾತ್ರಿ ಹಡಗು ಹತ್ತಿದನಂತೆ. ಇದಕ್ಕೆ ಕೋರ್ಟಿನಲ್ಲಾಗಲಿ ಪತ್ರಿಕೆಯಲ್ಲಾಗಲಿ ಎಳೆಯಷ್ಟೂ ಆಧಾರ ಸಿಕ್ಕಿಲ್ಲ. ಆದರೆ ಅದೇ ಕತೆಯ ಬಾಲದಲ್ಲಿ ಒಂದು ಸಪ್ಪೆ ಮಾತಿತ್ತು: ‘ನಮ್ಮ ಊರು ಡೆರೀನ್. ಭಾನುವಾರ ಚಾಪೆಲ್‌ಗೆ ಹೋಗಬೇಕಾದರೆ ಕಲ್ಲಿನಿಂದ ಕಲ್ಲಿಗೆ ಹಾರಿ ಹೊಳೆ ದಾಟಬೇಕಿತ್ತು.’

ಡೆರೀನ್ ಅಂದರೆ ಚಿಕ್ಕ ಓಕ್ ತೋಪು ಅಂತ ಅರ್ಥ. ತೊಂದರೆ ಏನೆಂದರೆ ಇಲ್ಲಿ ಆ ಹೆಸರಿನ ಜಾಗಗಳು ಎಷ್ಟೋ ಇವೆ. ಐರ್ಲೆಂಡಿನಲ್ಲಿ ನೆಲದ ತೀರ ಚಿಕ್ಕ ಭಾಗವನ್ನು ಟೌನ್‌ಲ್ಯಾಂಡ್ ಅನ್ನುತ್ತಾರೆ. ನಮ್ಮ ಮಜರೆ ಹಳ್ಳಿಯ ಥರ. ಕೆಲವದರಲ್ಲಿ ನಾಲ್ಕೇ ಮನೆ, ಕೆಲವದರಲ್ಲಿ ಈಗ ದನ ಮಾತ್ರ. ಅಂಥವು 60,000ಕ್ಕೂ ಜಾಸ್ತಿ ಇವೆ. ಟೌನ್‌ಲ್ಯಾಂಡ್ ಗೊತ್ತಿಲ್ಲದೆ ಬರೀ ಹೆಸರು ಹಿಡಿದು ಹೊರಟರೆ ಕೆಟ್ಟಿರಿ ಅಂತಲೇ ಲೆಕ್ಕ. ಮೇಯೊದಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಒಬ್ಬ ವಾಲ್ಶ್‌ಗೆ ತಾಗುತ್ತದೆ. ಆ ವಾಲ್ಶ್‌ನನ್ನು ಇಲ್ಲಿನವರು ವೆಲ್ಶ್ ಅನ್ನುತ್ತಾರೆ, ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡಿರುತ್ತಾನೆ, ಐರಿಷ್ ಭಾಷೆಯಲ್ಲಾದರೆ ಅದೇ ಹೆಸರು ಬ್ರೆನಖ್. ಹೆಸರಿನ ಮುಂದೆ ಬರುವ ಓ, ಮ್ಯಾಕ್‌ಗಳಂತೂ ಒಂದು ಪುಟದಲ್ಲಿ ಇರುತ್ತವೆ, ಮುಂದಿನ ಪುಟದಲ್ಲಿ ಇರುವುದಿಲ್ಲ.

ಆಗ ನೆರವಿಗೆ ಬರುವುದು ಗ್ರಿಫಿತ್ ವ್ಯಾಲ್ಯುಯೇಷನ್. 1847ರಿಂದ 1864ರ ನಡುವೆ ತೆರಿಗೆಗಾಗಿ ದೇಶದ ಒಂದೊಂದು ಹೊಲ, ಒಂದೊಂದು ಮನೆಯನ್ನೂ ಅಳೆದು, ಯಾರು ಉಳುತ್ತಿದ್ದಾರೆ, ಯಾರಿಂದ ಗೇಣಿಗೆ ಪಡೆದಿದ್ದಾರೆ ಅಂತ ಬರೆದ ಪಟ್ಟಿ ಅದು. ಪಕ್ಕದಲ್ಲೇ ನಕ್ಷೆ. ಒಂದೇ ಹೆಸರಿನವರು ಇಬ್ಬರಿದ್ದರೆ ಕಂಸದಲ್ಲಿ ಅಪ್ಪನ ಹೆಸರು ಹಾಕಿರುತ್ತಾರೆ, ನಮ್ಮ ಹಳ್ಳಿಗಳಲ್ಲಿ ‘ಕರಿಯಪ್ಪನ ನಿಂಗ’ ಅನ್ನುವುದಿಲ್ಲವೇ, ಹಾಗೆ. ನಮ್ಮವರ ಅಡ್ಡಹೆಸರು ಇರುವ ಡೆರೀನ್‌ಗಳನ್ನು ಆ ಪಟ್ಟಿಯಿಂದ ಆರಿಸಿದೆ, ಮೂರು ಉಳಿದವು. ಆಮೇಲೆ ಹಳೇ ಆರ್ಡ್‌ನೆನ್ಸ್ ಸರ್ವೆ ನಕ್ಷೆ, ಅಂದರೆ ಸರಕಾರ ನೆಲ ಅಳೆದು ಮಾಡಿದ ನಕ್ಷೆ, ತೆರೆದು ನೋಡಿದೆ. ಮೂರರಲ್ಲಿ ಒಂದೇ ಒಂದರ ಪಕ್ಕದಲ್ಲಿ ಹೊಳೆ ಇತ್ತು. ಹೊಳೆಯ ಮೇಲೆ ಪುಟ್ಟ ಅಕ್ಷರದಲ್ಲಿ ‘ದಾಟುಗಲ್ಲು’ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಆಚೆ ದಡದಲ್ಲಿ ಚಾಪೆಲ್. ರಾತ್ರಿ ಒಂದು ಗಂಟೆಯಲ್ಲಿ ಗಂಡನನ್ನು ಎಬ್ಬಿಸಿ ತೋರಿಸಿದೆ. ಅವರು ‘ಹೂಂ’ ಅಂದು ಮಗ್ಗುಲಾದರು.

ದಾಟುಗಲ್ಲಿನ ಬಗ್ಗೆ ಸುಳ್ಳು ಹೇಳಿ ಯಾರಿಗೇನು ಸಿಗಬೇಕು? ಅದಕ್ಕೇ ಅದು ಉಳಿದಿತ್ತು. ಹಾಗಾಗಿ ಮನೆಯ ಹಿರಿಯರನ್ನು ಕೇಳುವಾಗ ವೀರರ ಕತೆ ಕೇಳಬೇಡಿ. ನೀರು ಎಲ್ಲಿಂದ ತರುತ್ತಿದ್ದರು, ಸಂತೆಗೆ ಯಾವ ಊರಿಗೆ ಹೋಗುತ್ತಿದ್ದರು, ಮಣ್ಣು ಮಾಡಿದ್ದು ಎಲ್ಲಿ, ಇಂಥವನ್ನು ಕೇಳಿ.

ಇನ್ನು ಕಾಗದದಲ್ಲಿ ಮಾತ್ರ ಇದ್ದು, ಕತೆಯಲ್ಲಿ ಇಲ್ಲದ ಸಂಗತಿ ಒಂದಿದೆ. 1911ರ ಗಣತಿಯಲ್ಲಿ ಮದುವೆಯಾದ ಹೆಂಗಸರಿಗೆ ಮೂರು ಕಾಲಂ ಜಾಸ್ತಿ: ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳು ಹುಟ್ಟಿದವು, ಈಗ ಎಷ್ಟು ಬದುಕಿವೆ. ಮುತ್ತಜ್ಜಿಯ ಸಾಲಿನಲ್ಲಿ 36, 9, 5 ಅಂತ ಇತ್ತು. ಅತ್ತೆಗೆ ತೋರಿಸಿದೆ. ಮನೆಯಲ್ಲಿ ಯಾವಾಗಲೂ ಹೇಳುತ್ತಿದ್ದದ್ದು ಐದು ಮಕ್ಕಳ ಹೆಸರು. ಉಳಿದ ನಾಲ್ವರ ಬಗ್ಗೆ ಯಾರೂ ಬಾಯಿ ಬಿಟ್ಟಿರಲಿಲ್ಲ.

ಇಲ್ಲಿ ಹೆಸರಿಡುವುದಕ್ಕೆ ಒಂದು ವಾಡಿಕೆ ಇತ್ತು. ಮೊದಲ ಗಂಡು ಮಗುವಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯದಕ್ಕೆ ಅಮ್ಮನ ಅಪ್ಪನದು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಊರಿನಿಂದ ಬಂದವಳಿಗೆ ಇದು ಬೇಗ ತಲೆಗೆ ಹೋಗುತ್ತದೆ. ಮುತ್ತಜ್ಜನ ಮದುವೆಯ ನೋಂದಣಿಯಲ್ಲಿ ವಯಸ್ಸಿನ ಜಾಗದಲ್ಲಿ ಸುಮ್ನೆ ‘ಪ್ರಾಯಕ್ಕೆ ಬಂದವರು’ ಅಂತಿದೆ, ಏನೂ ಪ್ರಯೋಜನವಿಲ್ಲ. ಆದರೆ ಗಂಡು ಹೆಣ್ಣು ಇಬ್ಬರ ಅಪ್ಪಂದಿರ ಹೆಸರೂ ಇದೆ. ಗಣತಿಯಲ್ಲಿದ್ದ ಹಿರೀಮಗನಿಗೆ ಇಟ್ಟಿದ್ದು ಅಮ್ಮನ ಅಪ್ಪನ ಹೆಸರು. ಅಂದರೆ ಅವನಿಗಿಂತ ಮೊದಲು ಇನ್ನೊಬ್ಬ ಇದ್ದಿರಬೇಕು.

ಪ್ಯಾರಿಷ್ ಪುಸ್ತಕದ ಪುಟಗಳನ್ನು ಒಂದೊಂದಾಗಿ ತಿರುವಿದೆ. ಮಸಿ ಹರಡಿ, ಅಂಚು ಕಪ್ಪಾಗಿ, ಪಾದ್ರಿಯ ಕೈಬರಹ ಕಾಗೆ ಕಾಲಾಗಿತ್ತು. ಮದುವೆಯಾದ ಮರುವರ್ಷದ ಪುಟದಲ್ಲಿ ಅವನು ಸಿಕ್ಕ. ಅಪ್ಪನ ಅಪ್ಪನ ಹೆಸರೇ. ಪಾದ್ರಿ ವಾಡಿಕೆಯಂತೆ ಲ್ಯಾಟಿನ್ನಿನಲ್ಲಿ ಬರೆದಿದ್ದರು. ಅತ್ತೆ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಂದರು. ಆ ಹೆಸರನ್ನು ಒಂದು ಸಲ ಇಂಗ್ಲಿಷಿನಲ್ಲಿ ಹೇಳಿದರು, ಇನ್ನೊಂದು ಸಲ ಐರಿಷ್‌ನಲ್ಲಿ ಹೇಳಿದರು. ‘ಇನ್ನು ಮೂವರು’ ಅಂದರು.