ಸ್ಕೀಮ್‌ನಲ್ಲಿ ಇಲ್ಲದ ಟ್ರ್ಯಾಕ್ಟರ್

ಪದವಿ ತರಗತಿಗಳ ಐಚ್ಛಿಕ ಇಂಗ್ಲಿಷ್ ಪತ್ರಿಕೆಯ ಮೌಲ್ಯಮಾಪನಕ್ಕೆ ನಾನು ರಿವ್ಯೂವರ್, ಅಂದರೆ ಬೇರೆಯವರು ಹಾಕಿದ ಅಂಕಗಳನ್ನು ಮತ್ತೆ ನೋಡುವವನು, ಆಗಿದ್ದ ವರ್ಷದ ಮಾತಿದು. ಜಾನ್ ಸ್ಟೈನ್‌ಬೆಕ್ ಅವರ 1939ರ ಕಾದಂಬರಿ ‘ದಿ ಗ್ರೇಪ್ಸ್ ಆಫ್ ರಾತ್’ ಪಠ್ಯವಾಗಿತ್ತು. ಅದರ ಜೋಡ್ ಕುಟುಂಬ ಅಮೆರಿಕದ ಒಕ್ಲಹೋಮಾ ರಾಜ್ಯದ ನೆಲವನ್ನು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೊರಡಲು ಕಾರಣಗಳೇನು ಎಂಬುದು 10 ಅಂಕದ ಪ್ರಶ್ನೆ. ಯಾವ ಅಂಶಕ್ಕೆ ಎಷ್ಟು ಅಂಕ ಎಂದು ಹೇಳುವ ಸ್ಕೀಮ್ ಬರೆದವನು ನಾನೇ. ಪೀಠಿಕೆಗೆ 2, ಬರ ಮತ್ತು ಧೂಳಿನ ಬಿರುಗಾಳಿಗೆ 5, ಆರ್ಥಿಕ ಕುಸಿತಕ್ಕೆ 2, ಉಪಸಂಹಾರಕ್ಕೆ 1 ಎಂದು ಹಿಂದಿನ ರಾತ್ರಿ ಪುಸ್ತಕ ತೆರೆಯದೆ, ನೆನಪಿನಿಂದಲೇ ಹಂಚಿದ್ದೆ. ಹದಿನಾಲ್ಕು ವರ್ಷ ಪಾಠ ಮಾಡಿದವನಿಗೆ ಪುಸ್ತಕ ಏಕೆ ಬೇಕು ಎಂಬ ಗತ್ತು ಆಗ ನನ್ನಲ್ಲಿತ್ತು.

ಮೂರನೆಯ ದಿನ ಮಧ್ಯಾಹ್ನ, ಅತಿಥಿ ಉಪನ್ಯಾಸಕಿಯೊಬ್ಬರು ನೋಡಿದ ಬಂಡಲ್‌ನಲ್ಲಿ ಆ ಉತ್ತರಕ್ಕೆ 8 ಅಂಕ ಬಿದ್ದಿದ್ದು ಕಣ್ಣಿಗೆ ಬಿತ್ತು. ಉತ್ತರದಲ್ಲಿ ಪೀಠಿಕೆ ಇರಲಿಲ್ಲ. ಲೇಖಕರಿಗೆ ಬಂದ 1940ರ ಪುಲಿಟ್ಜರ್ ಪ್ರಶಸ್ತಿಯಿಲ್ಲ, 1962ರ ನೊಬೆಲ್ ಇಲ್ಲ. ಜೋಡ್‌ಗಳ ಮನೆಯ ಮೂಲೆಯನ್ನು ಕೆಡವಿದ್ದು ಗಾಳಿಯಲ್ಲ, ಟ್ರ್ಯಾಕ್ಟರ್ ಎಂದೇ ಆ ವಿದ್ಯಾರ್ಥಿ ಆರಂಭಿಸಿದ್ದ. ನಾನು ಹಸಿರು ಶಾಯಿಯಲ್ಲಿ ಅದನ್ನು 3ಕ್ಕೆ ಇಳಿಸಿದೆ.

“ಸರ್, ಈ ಹುಡುಗ ಕಾದಂಬರಿ ಓದಿದ್ದಾನೆ,” ಎಂದರು ಅವರು.

“ಇರಬಹುದು ಮೇಡಂ. ನಾನೇನು ಮಾಡಲಿ, ಸ್ಕೀಮ್‌ನಲ್ಲಿ ಇಲ್ಲವಲ್ಲ.”

“ಐದನೆಯ ಅಧ್ಯಾಯವನ್ನು ಒಮ್ಮೆ ನೋಡಿಬಿಡಿ ಸರ್.”

ಮೊಬೈಲ್‌ಗಳೆಲ್ಲ ಹೊರಗಿನ ಮೇಜಿನ ಮೇಲಿದ್ದವು. ಇಷ್ಟೊಂದು ಸಾಹಿತ್ಯದ ಉತ್ತರಪತ್ರಿಕೆಗಳನ್ನು ತಿದ್ದುವ ಸಭಾಂಗಣದಲ್ಲಿ ಒಂದೇ ಒಂದು ಪಠ್ಯಪುಸ್ತಕವನ್ನು ಇಡಬೇಕೆಂದು ಯಾವ ಸುತ್ತೋಲೆಯೂ ಇದುವರೆಗೆ ಹೇಳಿಲ್ಲ. ಅಟೆಂಡರ್ ಕಾಲೇಜಿನ ಗ್ರಂಥಾಲಯದಿಂದ ಪ್ರತಿಯೊಂದನ್ನು ಹುಡುಕಿ ತರುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆಯಿತು. ಸುತ್ತಲಿನ ಟೇಬಲ್‌ಗಳಲ್ಲಿ ಪೆನ್ನುಗಳು ನಿಂತಿದ್ದವು. ನಾನು ಎಣಿಸಿ ಮುಗಿಸಿದ್ದ ಬಂಡಲ್ಲನ್ನೇ ಮತ್ತೆ ಎಣಿಸುತ್ತ, ಹೇಗೂ ಕಾದಂಬರಿ ಧೂಳಿನಿಂದಲೇ ಶುರುವಾಗುತ್ತದೆ ಎಂದು ಧೈರ್ಯ ತಂದುಕೊಳ್ಳುತ್ತಿದ್ದೆ.

ಶುರುವಾಗುವುದು ಧೂಳಿನಿಂದಲೇ ನಿಜ. ಆದರೆ ಐದನೆಯ ಅಧ್ಯಾಯದಲ್ಲಿ ಗೇಣಿದಾರರನ್ನು ಎಬ್ಬಿಸುವುದು ಬ್ಯಾಂಕು. ಹತ್ತಿ ಬೆಳೆದು ಬೆಳೆದು ನೆಲದ ಸಾರ ಹೋಗಿದೆ, ಗೇಣಿ ಪದ್ಧತಿ ಇನ್ನು ಗಿಟ್ಟುವುದಿಲ್ಲ, ಒಂದು ಟ್ರ್ಯಾಕ್ಟರ್ ಮೇಲೆ ಒಬ್ಬನನ್ನು ಕೂರಿಸಿದರೆ ಹನ್ನೆರಡು ಹದಿನಾಲ್ಕು ಕುಟುಂಬಗಳ ಕೆಲಸ ಆಗುತ್ತದೆ ಎಂಬ ಲೆಕ್ಕ ಅಲ್ಲಿದೆ. ಜೋಡ್‌ಗಳ ಊರಾದ ಸಾಲಿಸಾ ಇರುವುದು ರಾಜ್ಯದ ಪೂರ್ವದ ಅಂಚಿನಲ್ಲಿ, ಅರ್ಕನ್ಸಾ ಗಡಿಯ ಹತ್ತಿರ. ಧೂಳಿನ ಬಿರುಗಾಳಿಗಳು ಅತಿ ಹೆಚ್ಚು ಕಾಡಿದ್ದು ಪಶ್ಚಿಮದ ತುದಿಯ ಸೀಮೆಯನ್ನು. ನಕ್ಷೆಯನ್ನೇ ನೋಡದೆ ನಾನು ಅಷ್ಟೂ ವರ್ಷ ಆ ಧೂಳನ್ನು ಈ ಊರಿನ ಮೇಲೆ ಸುರಿದಿದ್ದೆ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಮುಂದಿನ ಪುಟಗಳು. ನೆರೆಯವನ ಮಗನೇ ದಿನಕ್ಕೆ 3 ಡಾಲರ್ ಕೂಲಿಗೆ ಟ್ರ್ಯಾಕ್ಟರ್ ಓಡಿಸುತ್ತ ಬರುತ್ತಾನೆ. ಮನೆ ಕೆಡವಿದರೆ ಗುಂಡು ಹೊಡೆಯುತ್ತೇನೆ ಎಂದ ಗೇಣಿದಾರನಿಗೆ ಅವನು ತನ್ನ ಕೈಯಲ್ಲಿ ಏನೂ ಇಲ್ಲ, ತನಗೆ ಬ್ಯಾಂಕಿನ ಆದೇಶ, ಬ್ಯಾಂಕಿಗೆ ದೇಶದ ಪೂರ್ವ ಭಾಗದಿಂದ ಬಂದ ಆದೇಶ ಎನ್ನುತ್ತಾನೆ. ಹಾಗಾದರೆ ಯಾರಿಗೆ ಗುಂಡಿಡಬೇಕು ಎಂಬ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. ಇದನ್ನು ಅಭಿನಯಿಸಿ ಪಾಠ ಮಾಡಿದವನು ನಾನು. ಅರ್ಧ ಗಂಟೆಯ ಹಿಂದೆ ಅದೇ ಮಾತನ್ನು ಆ ಮೇಡಂಗೆ ಹೇಳಿದವನೂ ನಾನೇ, ಅದೂ ನನ್ನದೇ ಸ್ಕೀಮ್ ತೋರಿಸಿ.

ಉತ್ತರಪತ್ರಿಕೆಗೆ 8 ಅಂಕ ಮರಳಿತು. ಸಮಸ್ಯೆ ಇದ್ದದ್ದು ಮೊದಲೆರಡು ದಿನಗಳ ಬಂಡಲ್‌ಗಳಲ್ಲಿ. ಅಲ್ಲಿ ಟ್ರ್ಯಾಕ್ಟರ್, ಬ್ಯಾಂಕು ಎಂದು ಬರೆದ ಎಷ್ಟು ಮಂದಿಗೆ ನಾನು ಕತ್ತರಿ ಹಾಕಿದ್ದೆನೋ ಲೆಕ್ಕ ಇಟ್ಟಿರಲಿಲ್ಲ. ಅವುಗಳನ್ನು ತೆಗೆಸಿಕೊಡಿ ಎಂದು ಉತ್ತರಪತ್ರಿಕೆಗಳನ್ನು ಕಾಯುವ ಕಸ್ಟೋಡಿಯನ್‌ರನ್ನು ಕೇಳಿದರೆ, ಮೊಹರು ಬಿದ್ದಾಗಿದೆ, ಅಂಕಪಟ್ಟಿ ಅಪ್‌ಲೋಡ್ ಆಗಿದೆ, ಮೌಲ್ಯಮಾಪನದ ಚೇರ್‌ಮನ್ ಹೇಳದೆ ಮುಟ್ಟುವಂತಿಲ್ಲ ಎಂದರು. ಚೇರ್‌ಮನ್ ಕುಲಸಚಿವರ ಕಡೆ ಬೆರಳು ತೋರಿಸಿದರು. ಕುಲಸಚಿವರ ಕಚೇರಿಯವರು ಫಲಿತಾಂಶದ ಗಡುವನ್ನು ನೆನಪಿಸಿ, ಅನ್ಯಾಯವಾದವರು ಶುಲ್ಕ ಕಟ್ಟಿ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿಕೊಳ್ಳಲಿ ಎಂದರು.

ಈಗ ಸ್ಕೀಮ್ ಬರೆಯುವಾಗ ಪುಸ್ತಕ ಮೇಜಿನ ಮೇಲಿರುತ್ತದೆ. ಆ ವರ್ಷ ಮರುಮೌಲ್ಯಮಾಪನಕ್ಕೆ ಆ ಪತ್ರಿಕೆಯಲ್ಲಿ ಬಂದ ಅರ್ಜಿಗಳು ನಾಲ್ಕು.