ಪಾದ ಎತ್ತಲು ಬಾರದಿದ್ದಾಗ ನರದ ದಾರಿಯನ್ನು ನೋಡಬೇಕು

ಕಲಬುರಗಿಯ ಫಿಸಿಯೋಥೆರಪಿ ವಿಭಾಗವೊಂದರಲ್ಲಿ ಕೆಲಸ ಮಾಡುವ ನನಗೆ ಮುಂಗಾರಿನ ತಿಂಗಳುಗಳಲ್ಲಿ ಒಂದೇ ಬಗೆಯ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಪಾದ ಮೇಲಕ್ಕೆ ಏಳುವುದಿಲ್ಲ, ನಡೆಯುವಾಗ ಬೆರಳುಗಳು ನೆಲಕ್ಕೆ ತಾಗಿ ಎಡವುತ್ತವೆ, ಚಪ್ಪಲಿ ಕಾಲಿನಿಂದ ಜಾರಿ ಹೋದರೂ ತಿಳಿಯುವುದಿಲ್ಲ. ತೊಗರಿ, ಹೆಸರಿನ ಹೊಲಗಳಲ್ಲಿ ಕಸ ತೆಗೆಯುವ ಹೆಣ್ಣುಮಕ್ಕಳು, ಮನೆಗಳಿಗೆ ಶಹಾಬಾದ್ ಕಲ್ಲು ಹಾಸುವ ಕೆಲಸಗಾರರು ಹೀಗೆ ಬರುವವರಲ್ಲಿ ಹೆಚ್ಚು. ಮನೆಯವರು ಅದನ್ನು ಲಕ್ವಾ ಎಂದು ತಿಳಿದು ಗಾಬರಿಯಾಗಿರುತ್ತಾರೆ. ನಮ್ಮಲ್ಲಿ ತರಬೇತಿಗೆ ಬರುವ ವಿದ್ಯಾರ್ಥಿಗಳೋ ಮೊದಲು ಪಾದವನ್ನೇ ಹಿಡಿದು ಒತ್ತಿ ನೋಡತೊಡಗುತ್ತಾರೆ. ಇಂತಹ ದೌರ್ಬಲ್ಯದ ಮೂಲ ಪಾದದಲ್ಲಿಯೇ ಇರುವುದು ಅಪರೂಪ. ಮೆದುಳಿನಿಂದ ಪಾದದವರೆಗಿನ ನರಮಾರ್ಗವನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ದಾರಿಯಲ್ಲಿ ಎಲ್ಲಿ ತಡೆಯುಂಟಾಗಿದೆ ಎಂದು ಕೇಳುವುದನ್ನು ಈ ಕೆಲಸ ನನಗೆ ಕಲಿಸಿದೆ.

ಪಾದವನ್ನು ಎತ್ತುವ ಆಜ್ಞೆ ಮೆದುಳಿನ ಹೊರಪದರದಲ್ಲಿ ಹುಟ್ಟುತ್ತದೆ. ಅಲ್ಲಿಂದ ಹೊರಟ ತಂತುಗಳಲ್ಲಿ ಬಹುಪಾಲು ಮೆದುಳಿನ ಬುಡದಲ್ಲಿರುವ ಮೆಡುಲ್ಲಾದಲ್ಲಿ ಎದುರು ಬದಿಗೆ ದಾಟುತ್ತವೆ. ಮೆದುಳಿನ ಬಲಭಾಗದಲ್ಲಿ ರಕ್ತನಾಳ ಕಟ್ಟಿಕೊಂಡರೆ ಎಡಗೈ, ಎಡಗಾಲು ಸೋಲುವುದಕ್ಕೆ ಇದೇ ಕಾರಣ. ದಾಟಿದ ತಂತುಗಳು ಬೆನ್ನುಹುರಿಯೊಳಗೆ ಇಳಿದು, ಅಲ್ಲಿರುವ ಎರಡನೆಯ ನರಕೋಶಕ್ಕೆ ಸಂದೇಶವನ್ನು ಒಪ್ಪಿಸುತ್ತವೆ. ಬೆನ್ನುಹುರಿಯಿಂದ ಹೊರಡುವ 31 ಜೊತೆ ನರಗಳಲ್ಲಿ ಪಾದ ಎತ್ತುವ ಕೆಲಸ ಮುಖ್ಯವಾಗಿ ಸೊಂಟದ 4 ಮತ್ತು 5ನೆಯ ನರಬೇರುಗಳಿಗೆ ಸೇರಿದ್ದು. ಇವು ಬೇರೆ ಬೇರುಗಳೊಡನೆ ಕೂಡಿ ಸಯಾಟಿಕ್ ನರವಾಗಿ ತೊಡೆಯ ಹಿಂಬದಿಯಲ್ಲಿ ಇಳಿಯುತ್ತವೆ, ಮೊಣಕಾಲಿನ ಹಿಂದೆ ಆ ನರ ಎರಡಾಗಿ ಒಡೆಯುತ್ತದೆ. ಬೆನ್ನುಹುರಿಯಲ್ಲಿ ಕುಳಿತ ಒಂದೇ ಒಂದು ಕೋಶದ ಆಕ್ಸಾನ್ ಎಂಬ ಎಳೆ ಪಾದದವರೆಗೆ, ಅಂದರೆ ಸುಮಾರು ಒಂದು ಮೀಟರ್ ಉದ್ದಕ್ಕೆ ಚಾಚಿರುತ್ತದೆ. ಇಷ್ಟು ಉದ್ದದ ಒಂದು ಕೋಶಕ್ಕೆ ದಾರಿಯಲ್ಲಿ ಎಲ್ಲಿ ಬೇಕಾದರೂ ಪೆಟ್ಟಾಗಬಹುದು ಎಂಬುದನ್ನು ವಿದ್ಯಾರ್ಥಿಗಳಿಗೆ ನಾನು ಪ್ರತಿ ಬಾರಿಯೂ ಹೇಳುತ್ತೇನೆ.

ಹೊಲದ ಕೆಲಸದವರಲ್ಲಿ ಪೆಟ್ಟು ತಿನ್ನುವುದು ಆ ಎರಡು ಕವಲುಗಳಲ್ಲಿ ಒಂದಾದ ಪೆರೋನಿಯಲ್ ನರ. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಗೆ ಗುಬುಟಿನಂತೆ ಸಿಗುವ ಮೂಳೆ ಫಿಬುಲಾದ ತಲೆ. ಅದರ ಕೆಳಗಿನ ಕುತ್ತಿಗೆಯನ್ನು ಈ ನರ ಸುತ್ತಿಕೊಂಡು ಮುಂದೆ ಬರುತ್ತದೆ; ಅಲ್ಲಿ ಅದರ ಮೇಲೆ ಚರ್ಮ ಮತ್ತು ತೆಳುವಾದ ಕೊಬ್ಬಿನ ಹೊದಿಕೆಯಷ್ಟೇ ಇರುತ್ತದೆ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕುಳಿತಾಗ ನರ ಮೂಳೆಗೆ ಒತ್ತಿಕೊಂಡು ಎಳೆದಂತಾಗುತ್ತದೆ, ನರವನ್ನು ಪೋಷಿಸುವ ಸಣ್ಣ ರಕ್ತನಾಳಗಳೂ ಅಮುಕಿಹೋಗುತ್ತವೆ. ನರದಲ್ಲಿ ಸಂದೇಶ ಸಾಗುವುದು ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಪೊರೆಯನ್ನು ದಾಟುವುದರಿಂದ. ಅವನ್ನು ಮತ್ತೆ ಸ್ವಸ್ಥಾನಕ್ಕೆ ತರುವ ಪಂಪಿಗೆ ಶಕ್ತಿ ಬೇಕು, ಶಕ್ತಿಗೆ ರಕ್ತ ಬೇಕು. ಸ್ವಲ್ಪ ಹೊತ್ತಿನ ಒತ್ತಡದಿಂದ ಜೋಮು ಹಿಡಿದರೆ ಎದ್ದು ನಿಂತ ಮೇಲೆ ಸರಿಹೋಗುತ್ತದೆ. ಒತ್ತಡ ದಿನವಿಡೀ ಮುಂದುವರಿದರೆ ಆಕ್ಸಾನನ್ನು ಸುತ್ತಿರುವ ಮಯಲಿನ್ ಪೊರೆ ಆ ಜಾಗದಲ್ಲಿ ಹಾಳಾಗಿ ಸಂದೇಶ ಅಲ್ಲಿಯೇ ನಿಂತುಬಿಡುತ್ತದೆ.

ಜೇವರ್ಗಿ ಕಡೆಯ ಹಳ್ಳಿಯಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಹೇಳಿದ್ದು ಹೀಗಿತ್ತು: "ಮುಂಜಾನಿಂದ ಹೊತ್ತು ಮುಣುಗೋತನ ಕುಕ್ಕರಗಾಲಲ್ಲೇ ಕಸ ತೆಗದೀನ್ರಿ ಸರ್. ಸಂಜಿಗಿ ಏಳಾಗ ಕಾಲು ಜುಮ್ಮ ಅಂತಿತ್ತು. ಮರುದಿನ ನೋಡಿದ್ರ ಪಾದ ಎತ್ಲಾಕೇ ಬರವಲ್ದು." ನಡೆಯಲು ಹೇಳಿದಾಗ ಆಕೆ ಸಮನೆಲದಲ್ಲಿಯೂ ಮೆಟ್ಟಿಲು ಹತ್ತುವವರಂತೆ ಮೊಣಕಾಲನ್ನು ಎತ್ತಿ ಎತ್ತಿ ಇಡುತ್ತಿದ್ದರು, ಪಾದ ನೆಲಕ್ಕೆ ಪಟ್ಟೆಂದು ಬಡಿಯುತ್ತಿತ್ತು. "ಅಕ್ಕಾ, ಪಾದ ಕೆಳಗೇ ಇರ್ಲಿ, ಹಂಗೇ ಒಳಗಡಿ ತಿರುಗಿಸ್ರಿ" ಎಂದೆ. ಆ ಚಲನೆ ಗಟ್ಟಿಯಾಗಿತ್ತು. ಒಂದು ಮಗ್ಗುಲಿಗೆ ಮಲಗಿಸಿ ಕಾಲನ್ನು ಮೇಲೆತ್ತಲು ಹೇಳಿದಾಗ ಸೊಂಟದ ಸ್ನಾಯುಗಳೂ ಬಲವಾಗಿದ್ದವು. ಈ ಎರಡೂ ಕೆಲಸಗಳಿಗೆ ಸೊಂಟದ 5ನೆಯ ನರಬೇರು ಬೇಕು, ಆದರೆ ಇವು ಪೆರೋನಿಯಲ್ ನರದ ಮೂಲಕ ಹೋಗುವುದಿಲ್ಲ. ಬೆನ್ನಿನ ಡಿಸ್ಕ್ ಜಾರಿ ಆ ಬೇರು ಒತ್ತಿಕೊಂಡಿದ್ದರೆ ಇವೂ ಸೋಲಬೇಕಿತ್ತು. ಹತ್ತಿಯ ಎಳೆಯ ಸ್ಪರ್ಶ ಪಾದದ ಮೇಲ್ಭಾಗದಲ್ಲಿ ಮಂದವಾಗಿತ್ತು, ಅಂಗಾಲಿನಲ್ಲಿ ಸರಿಯಾಗಿತ್ತು. ಫಿಬುಲಾದ ಕುತ್ತಿಗೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಪಾದದವರೆಗೆ ಜುಮ್ಮೆಂದಿತು. ತಡೆ ಎಲ್ಲಿದೆ ಎಂಬುದಕ್ಕೆ ಆಕೆಯ ಕಾಲೇ ಉತ್ತರ ಕೊಟ್ಟಿತು. ಮುಂದೆ ನರದಲ್ಲಿ ಸಂದೇಶ ಹೇಗೆ ಸಾಗುತ್ತದೆ ಎಂದು ಅಳೆಯುವ ವಹನ ಪರೀಕ್ಷೆ ಅದನ್ನೇ ಖಚಿತಪಡಿಸಿತು.

ಮೆದುಳಿನಲ್ಲಿ ಅಥವಾ ಬೆನ್ನುಹುರಿಯಲ್ಲಿ ದೋಷವಿದ್ದರೆ ಚಿತ್ರ ಬೇರೆಯಾಗುತ್ತದೆ. ಮೊದಲ ದಿನಗಳು ಕಳೆದ ಮೇಲೆ ಕಾಲು ಬಿಗಿಯಾಗುತ್ತದೆ, ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಜೋರಾಗಿ ಚಿಮ್ಮುತ್ತದೆ, ಅಂಗಾಲನ್ನು ಗೀರಿದರೆ ಹೆಬ್ಬೆರಳು ಕೆಳಗೆ ಬಾಗುವ ಬದಲು ಮೇಲಕ್ಕೆ ಏಳುತ್ತದೆ. ಫ್ರೆಂಚ್ ನರವೈದ್ಯ ಜೋಸೆಫ್ ಬಾಬಿನ್ಸ್ಕಿ 1896ರಲ್ಲಿ ವಿವರಿಸಿದ ಈ ಚಿಹ್ನೆಗೆ ಇಂದಿಗೂ ಒಂದು ಬೀಗದಕೈಯ ತುದಿ ಸಾಕು. ಪಾದದ ಜೊತೆಗೆ ಅದೇ ಬದಿಯ ಕೈ ಸೋತಿದ್ದರೆ, ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲುತ್ತಿದ್ದರೆ ಅದು ಪಾರ್ಶ್ವವಾಯುವಿನ ಲಕ್ಷಣ. ಅಂತಹವರು ನಮ್ಮ ವಿಭಾಗಕ್ಕೆ ಬಾರದೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕು, ಏಕೆಂದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಎಣ್ಣೆ ತಿಕ್ಕಿಸುತ್ತ ಆ ಹೊತ್ತನ್ನು ಕಳೆದುಕೊಂಡು ಬಂದವರನ್ನು ನೋಡಿದಾಗಲೆಲ್ಲ ನನಗೆ ತುಂಬ ಸಂಕಟವಾಗುತ್ತದೆ.

ಇನ್ನೊಂದು ಕಾರಣವನ್ನು ನಮ್ಮ ಭಾಗದಲ್ಲಿ ಮರೆಯುವಂತಿಲ್ಲ. ಕುಷ್ಠರೋಗದಲ್ಲಿಯೂ ಇದೇ ನರ ಇದೇ ಜಾಗದಲ್ಲಿ ದಪ್ಪವಾಗಿ, ಮುಟ್ಟಿದರೆ ನೋಯುವಂತಾಗಿ, ಪಾದ ಸೋಲುತ್ತದೆ. ಆದ್ದರಿಂದ ನರವನ್ನು ಬೆರಳಿನಡಿ ಉರುಳಿಸಿ ಇನ್ನೊಂದು ಕಾಲಿನದರೊಂದಿಗೆ ಹೋಲಿಸುವುದನ್ನು, ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆಗಳಿವೆಯೇ ಎಂದು ನೋಡುವುದನ್ನು ನಾನು ಯಾರಲ್ಲಿಯೂ ಬಿಡುವುದಿಲ್ಲ. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧವಿದೆ, ಬೇಗ ಹಿಡಿದರೆ ನರ ಉಳಿಯುತ್ತದೆ.

ಚೇತರಿಕೆಗೆ ಹಿಡಿಯುವ ಕಾಲವೂ ಗಾಯದ ಬಗೆಯನ್ನೇ ಅವಲಂಬಿಸಿದೆ. ಮಯಲಿನ್ ಮಾತ್ರ ಹಾಳಾಗಿದ್ದರೆ ಆಕ್ಸಾನನ್ನು ಸುತ್ತಿಕೊಂಡಿರುವ ಶ್ವಾನ್ ಕೋಶಗಳು ಅದನ್ನು ಮತ್ತೆ ಕಟ್ಟುತ್ತವೆ, ಕೆಲವು ವಾರಗಳಿಂದ ಸುಮಾರು ಮೂರು ತಿಂಗಳೊಳಗೆ ಬಲ ಮರಳುತ್ತದೆ. ಆಕ್ಸಾನ್ ತುಂಡಾಗಿದ್ದರೆ ಅದು ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್ ವೇಗದಲ್ಲಿ ಬೆಳೆಯಬೇಕು, ಅಂದರೆ ಹತ್ತು ಸೆಂಟಿಮೀಟರ್ ದಾಟಲು ಮೂರು ತಿಂಗಳಿಗೂ ಹೆಚ್ಚು. ಮೇಲಿನ ಸ್ನಾಯು ಮೊದಲು ಎಚ್ಚರಗೊಳ್ಳುತ್ತದೆ, ಹೆಬ್ಬೆರಳನ್ನು ಎತ್ತುವ ಸ್ನಾಯು ತಡವಾಗಿ. ಅಷ್ಟರವರೆಗೆ ಪಾದವನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟ್ ಹಾಕಿಸುತ್ತೇವೆ, ಹಿಮ್ಮಡಿಯ ಸ್ನಾಯುರಜ್ಜು ಗಿಡ್ಡವಾಗದಂತೆ ದಿನವೂ ಎಳೆಯಿಸುತ್ತೇವೆ, ಮಂದವಾದ ಚರ್ಮಕ್ಕೆ ಬಿಸಿನೀರು, ಮುಳ್ಳು ತಾಗಿದರೆ ತಿಳಿಯದೆಂದು ರಾತ್ರಿ ಪಾದವನ್ನು ನೋಡಿಕೊಳ್ಳಲು ಹೇಳುತ್ತೇವೆ. ಕೂಲಿ ಬಿಡುವುದು ಅವರಿಗೆ ಸಾಧ್ಯವಿಲ್ಲ. ಹಾಗಾಗಿ ಒಂದು ಸಾಲು ಮುಗಿದಾಗಲೆಲ್ಲ ಎದ್ದು ನಾಲ್ಕು ಹೆಜ್ಜೆ ನಡೆಯುವಂತೆ, ಕಲ್ಲು ಹಾಸುವವರಾದರೆ ಗಿಡ್ಡ ಮಣೆಯ ಮೇಲೆ ಕಾಲು ಚಾಚಿ ಕುಳಿತುಕೊಳ್ಳುವಂತೆ, ಜೋಮು ಹಿಡಿದದ್ದು ಬಿಡದಿದ್ದರೆ ಅಂದಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸುವಂತೆ ತಿಳಿಸಿ ಕಳಿಸುತ್ತೇನೆ.